ಬಂಗಾರದ ಡಬ್ಬಿ, ತೆಳ್ಳನೆ ಹಾಲು

ಗುಂಡಮ್ಮ ಎಂದು ಎಲ್ಲರೂ ಮುದ್ದಿನಿಂದ ಕರೆಯುತ್ತಿದ್ದರೂ ಆ ಮಗು ಗುಂಡಗೇನೂ ಇರಲಿಲ್ಲ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ನಾನು ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದ ನರ್ಸು. ಮಕ್ಕಳ ತೂಕ ನೋಡುವುದು, ಚುಚ್ಚುಮದ್ದು ಹಾಕುವುದು, ತಾಯಂದಿರ ಕಣ್ಣೀರು ಒರೆಸುವುದು, ಅಜ್ಜಿಯಂದಿರ ಜೊತೆ ಜಗಳ ಆಡುವುದು, ಇಷ್ಟೂ ನನ್ನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು ಅಂತಾರೆ. ಸ್ವಲ್ಪ ಅಲ್ಲ, ಜಾಸ್ತಿಯೇ ಜೋರು. ಮಕ್ಕಳ ವಿಷಯ ಬಂದರೆ ನನಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ.

ಅವತ್ತು ತೂಕ ನೋಡುವ ದಿನ. ಗುಂಡಮ್ಮನ ಸರದಿ ಬಂತು. ಅವಳ ಅಮ್ಮ ಬೇಕರಿಯಲ್ಲಿ ಬ್ರೆಡ್ ಪ್ಯಾಕ್ ಮಾಡುವವಳು, ಹೆರಿಗೆ ರಜೆಯಲ್ಲಿದ್ದಳು. ಮಗುವಿನ ಬಟ್ಟೆ ಬಿಚ್ಚಿ ತಕ್ಕಡಿಯಲ್ಲಿ ಮಲಗಿಸಿದಳು. ನಾನು ಮುಳ್ಳು ನೋಡಿದೆ. ತಕ್ಕಡಿಯೇ ಕೆಟ್ಟಿರಬೇಕು ಎಂದುಕೊಂಡು ಮಗುವನ್ನು ಎತ್ತಿ, ಮುಳ್ಳನ್ನು ಸೊನ್ನೆಗೆ ತಂದು, ಮತ್ತೆ ಮಲಗಿಸಿದೆ. ಹೋದ ಸಲ ಎಷ್ಟಿತ್ತೋ ಹೆಚ್ಚೂಕಡಿಮೆ ಅಷ್ಟೇ. ಮೂರು ತಿಂಗಳು ಕೂಡ ತುಂಬದ ಮಗುವಿನ ತೂಕ ಹೀಗೆ ನಿಂತಲ್ಲೇ ನಿಂತರೆ ನಾನು ಹಾಗೇ ಬಿಡುವವಳಲ್ಲ.

"ಏನಮ್ಮಾ, ಮಗು ಸರಿಯಾಗಿ ಹಾಲು ಕುಡೀತಿಲ್ವಾ?"

"ಕುಡೀತಾಳೆ ಸಿಸ್ಟರ್. ಬಾಟಲಿ ಖಾಲಿ ಮಾಡ್ತಾಳೆ. ಆದ್ರೂ ಸ್ವಲ್ಪ ಹೊತ್ತಿಗೇ ಮತ್ತೆ ಅಳು."

"ಎದೆಹಾಲು?"

ಅವಳು ತಲೆ ತಗ್ಗಿಸಿದಳು. ಹೆರಿಗೆಯಾದ ಮೇಲೆ ಅವಳಿಗೆ ಜ್ವರ ಏರಿ ಮತ್ತೆ ಆಸ್ಪತ್ರೆ ಸೇರಿದ್ದಳು. ಮಗು ಮನೆಯಲ್ಲಿ, ತಾಯಿ ಆಸ್ಪತ್ರೆಯಲ್ಲಿ. ವಾಪಸ್ ಬರುವಷ್ಟರಲ್ಲಿ ಹಾಲು ತೀರಾ ಕಡಿಮೆಯಾಗಿತ್ತು.

"ಎಲ್ಲಾ ನನ್ನಿಂದಾನೇ ಸಿಸ್ಟರ್. ನನ್ನ ಮಗುಗೆ ನಾನೇ ಹಾಲು ಕೊಡೋಕಾಗಲಿಲ್ಲ. ಅದಕ್ಕೇ ಪೇಟೆಯಲ್ಲಿ ಸಿಗೋದರಲ್ಲೇ ಒಳ್ಳೆ ಡಬ್ಬಿ ತರ್ತಿದೀವಿ. ಬಂಗಾರದ ಬಣ್ಣದ್ದು. ಅದರಲ್ಲಿ ಮೆದುಳು ಚುರುಕಾಗೋಕೆ ಏನೇನೋ ಸೇರಿಸಿದ್ದಾರಂತೆ. ಅಷ್ಟು ಒಳ್ಳೆ ಹಾಲು ಕುಡಿದೂ ಮಗು ದಪ್ಪ ಆಗ್ತಿಲ್ಲ ಅಂದ್ರೆ, ನನ್ನ ಹೊಟ್ಟೆಯಲ್ಲಿದ್ದಾಗಲೇ ಏನೋ ಕಮ್ಮಿ ಆಗಿರಬೇಕು."

ಹೀಗೆ ತಮ್ಮ ಮೇಲೆ ತಾವೇ ಗೂಬೆ ಕೂರಿಸಿಕೊಳ್ಳುವ ತಾಯಂದಿರನ್ನು ಕಂಡರೆ ನನಗೆ ಸಂಕಟವೂ ಆಗುತ್ತದೆ, ಸಿಟ್ಟೂ ಬರುತ್ತದೆ.

"ಸಾಕು ಸುಮ್ನಿರಮ್ಮ. ಜ್ವರ ಬಂದಿದ್ದು ನಿನ್ನ ತಪ್ಪಾ? ನಡಿ, ನಿಮ್ಮ ಮನೆಗೇ ಬರ್ತೀನಿ. ಮಗು ಏನು ಕುಡೀತಿದೆ ಅಂತ ನಾನೇ ಕಣ್ಣಾರೆ ನೋಡಬೇಕು."

ಅವರ ಮನೆ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಮಗುವಿನ ಅಪ್ಪ ಪೇಂಟರ್. ಮನೆಗೆ ಕಾಲಿಡುತ್ತಲೇ ಅದು ಗೊತ್ತಾಗುತ್ತದೆ. ಬಾಗಿಲ ಹಿಂದೆ ಏಣಿ, ಕಿಟಕಿಯ ಮೇಲೆ ಒಣಗಲು ಇಟ್ಟ ಬ್ರಷ್ಷುಗಳು. ಅಡುಗೆಮನೆಯ ಒಂದೇ ಗೋಡೆಗೆ ಐದಾರು ಬಣ್ಣ, ಬೇರೆಯವರ ಮನೆಗೆ ಬಳಿದು ಉಳಿದದ್ದೆಲ್ಲ ಅಲ್ಲಿಗೆ ಬಂದು ಸೇರಿತ್ತು. ಆ ಬಣ್ಣಗಳ ನಡುವೆ ಎತ್ತರದ ಶೆಲ್ಫಿನಲ್ಲಿ ಬಂಗಾರದ ಡಬ್ಬಿ ಮಹಾರಾಣಿಯಂತೆ ಕೂತಿತ್ತು. ಅದರ ಮೇಲೊಂದು ಮಗುವಿನ ಚಿತ್ರ. ಆ ಮಗುವಿಗೆ ಕನ್ನಡಕ, ತಲೆಗೆ ಪದವಿ ತಗೊಳ್ಳುವಾಗ ಹಾಕುವ ಕಪ್ಪು ಟೋಪಿ.

"ಓಹೋ! ಹಲ್ಲು ಬರೋಕೆ ಮುಂಚೆನೇ ಡಿಗ್ರಿ ಬಂದ್ಬಿಟ್ಟಿದೆ," ಎಂದೆ.

ತಾಯಿ ಸಣ್ಣಗೆ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಪೇಂಟರ್ ಮೆಟ್ಟಿಲು ಹತ್ತಿ ಬಂದ. ಮಧ್ಯಾಹ್ನದ ಬಾಟಲಿ ಅವನದೇ ಅಂತೆ. ಎಲ್ಲಿ ಕೆಲಸವಿದ್ದರೂ ಅಷ್ಟು ಹೊತ್ತಿಗೆ ಮನೆಗೆ ಓಡಿ ಬಂದು ಮಗಳಿಗೆ ಹಾಲು ಕುಡಿಸಿ, ಹೆಂಡತಿಗೆ ಸ್ವಲ್ಪ ನಿದ್ದೆ ಮಾಡಲು ಹೇಳಿ, ಮತ್ತೆ ಕೆಲಸಕ್ಕೆ ಓಡುತ್ತಾನೆ. ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ ಹಾಲು ಬೆರೆಸುವ ವಿಧಾನವನ್ನು ಹೆಂಡತಿಗೆ ಕಲಿಸಿದ್ದೂ ಅವನೇ. ಅವಳು ಅವನು ತೋರಿಸಿದಂತೆಯೇ ಮಾಡುತ್ತಿದ್ದಳು.

"ನೀವು ಮಾಡಿ, ನಾನು ನೋಡ್ತೀನಿ," ಎಂದೆ.

ಅವನು ಮೊಣಕೈವರೆಗೂ ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಬಿಡದೆ ತೊಳೆದ. ಬಾಟಲಿಯನ್ನು ಕುದಿಸಿ ಇಟ್ಟಿದ್ದ. ನೀರನ್ನೂ ಕುದಿಸಿದ. ಚಮಚದಲ್ಲಿ ಪುಡಿ ತೆಗೆದು, ಅದಕ್ಕೆಂದೇ ಇಟ್ಟಿದ್ದ ಹೊಸ ತಗಡಿನ ಪಟ್ಟಿಯಿಂದ ಮೇಲ್ಭಾಗವನ್ನು ಸಮ ಮಾಡಿದ. ಗೋಡೆ ನುಣುಪಾಗಲು ಲಪ್ಪ ಹಚ್ಚುವಾಗ ಇರುವಷ್ಟೇ ಶ್ರದ್ಧೆ. ಇಂಥ ಅಪ್ಪನನ್ನು ನೋಡಿ ನಾನು ಮನಸ್ಸಿನಲ್ಲೇ ಭೇಷ್ ಎಂದುಕೊಳ್ಳುತ್ತಿದ್ದೆ. ಆಗ ಅವನು ಬಾಟಲಿಯನ್ನು ಅಲ್ಲಾಡಿಸಿ ಕಿಟಕಿಯ ಕಡೆ ಎತ್ತಿ ಹಿಡಿದ.

ಹಾಲಿನ ಆಚೆಗಿದ್ದ ಅವನ ಬೆರಳುಗಳ ನೆರಳು ನನಗೆ ಕಾಣುತ್ತಿತ್ತು. ಅಷ್ಟು ತೆಳು.

"ತಡಿಯಪ್ಪಾ. ಈ ನೀರಿಗೆ ಎಷ್ಟು ಚಮಚ ಹಾಕಬೇಕು ಅಂತ ಡಬ್ಬಿ ಮೇಲೆ ಬರೆದಿದೆ?"

"ಬರೆದಿರೋದಕ್ಕಿಂತ ಒಂದು ಚಮಚ ಕಮ್ಮಿನೇ ಹಾಕ್ತೀನಿ ಸಿಸ್ಟರ್. ನೀರು ಒಂಚೂರು ಜಾಸ್ತಿ." ಅವನು ಅಳುಕಿಲ್ಲದೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. "ಇದು ಸಾದಾ ಪುಡಿ ಅಲ್ಲ, ಸತ್ವ ತುಂಬಿರೋದು. ಹೊಸ ಗೋಡೆಗೆ ಒಂದೇ ಸಲ ಗಟ್ಟಿ ಬಣ್ಣ ಬಳಿದ್ರೆ ಹಿಡಿಯಲ್ಲ, ಪದರ ಏಳುತ್ತೆ. ಮೊದಲನೇ ಕೋಟು ತೆಳ್ಳಗಿರಬೇಕು. ಆಗ ಗೋಡೆ ಹೀರಿಕೊಳ್ಳುತ್ತೆ. ಆಮೇಲೆ ನಿಧಾನಕ್ಕೆ ಗಟ್ಟಿ ಮಾಡ್ತಾ ಹೋಗಬೇಕು. ಮಗು ಹೊಟ್ಟೆನೂ ಹೊಸದೇ ಅಲ್ವಾ?"

"ಅಯ್ಯೋ ಪುಣ್ಯಾತ್ಮ!" ನನ್ನ ಕೂಗು ಕೆಳಗಿನ ಸೈಕಲ್ ಅಂಗಡಿಗೂ ಕೇಳಿಸಿರಬೇಕು. "ಮಗು ಗೋಡೆ ಏನಯ್ಯಾ? ಆ ಹೊಟ್ಟೆ ತುಂಬ್ತಿರೋದು ನೀರಿಂದ! ಅದಕ್ಕೇ ಬಾಟಲಿ ಖಾಲಿ ಆದ ಮೇಲೂ ಅಳ್ತಿದೆ. ಎಷ್ಟು ದಿನದಿಂದ ಹೀಗೆ?"

ಅವನು ಬಾಟಲಿಯನ್ನು ಕೆಳಗಿಟ್ಟ.

"ಈ ಬಂಗಾರದ ಡಬ್ಬಿ ಶುರು ಮಾಡಿದಾಗಿನಿಂದ," ಎಂದ. ಆಮೇಲೆ ದನಿ ಇಳಿಸಿ, "ಡಬ್ಬಿನೂ ಇನ್ನೊಂದು ನಾಲ್ಕು ದಿನ ಬಂದಂಗೆ ಆಗುತ್ತೆ ಅಂತ... ಸುಳ್ಳು ಹೇಳಲ್ಲ ಸಿಸ್ಟರ್. ಅದೂ ಇತ್ತು ಮನಸ್ಸಲ್ಲಿ," ಎಂದ.

ಅವನ ಮುಖ ನೋಡಿ ನಾನು ನಾಲಿಗೆ ಕಚ್ಚಿಕೊಂಡೆ. ಇನ್ನು ನಾನು ಬೈಯುವುದು ಬೇಕಿರಲಿಲ್ಲ. ಅವನಿಗೆ ಅವನೇ ಬೈದುಕೊಳ್ಳುತ್ತಿದ್ದ.

ಅವನ ಹೆಂಡತಿ ಮಾತ್ರ ಬಿಡಲಿಲ್ಲ. "ಅಲ್ಲಾ ರೀ, ನನ್ನಿಂದಾನೇ ಮಗು ಸೊರಗ್ತಿದೆ ಅಂತ ದಿನಾ ಸಾಯ್ತಿದ್ದೆನಲ್ಲ ನಾನು! ನೀವು ತೋರಿಸಿಕೊಟ್ಟ ಹಾಗೇ ಬೆರೆಸ್ತಾ ಬಂದೆ. ಅದರಲ್ಲಿ ನೀರು ಜಾಸ್ತಿ ಅಂತ ಒಂದು ಮಾತು ಹೇಳಬಾರದಿತ್ತಾ?" ಎಂದು ಅತ್ತಳು. ಅಳುತ್ತಲೇ ಮಗುವನ್ನು ಎತ್ತಿ ಅವನ ಕೈಗೆ ಕೊಟ್ಟಳು. ಸಿಟ್ಟಿತ್ತು, ಆದರೆ ಮಗುವನ್ನು ಅವನಿಂದ ದೂರ ಹಿಡಿಯಲಿಲ್ಲ. ಅದನ್ನು ನೋಡಿ ನನ್ನ ಕಣ್ಣೂ ಒದ್ದೆಯಾಯಿತು.

"ನನ್ನ ಹಾಗೆ ಆಗಬಾರದು ಅಂತ ಕಣೇ," ಎಂದ ಪೇಂಟರ್. "ನನ್ನ ತಲೆಗೆ ಓದು ಹತ್ತಲಿಲ್ಲ. ಇವಳ ತಲೆಗಾದ್ರೂ ಹತ್ತಲಿ ಅಂತ."

ಡಬ್ಬಿಯ ಮೇಲೆ ಬರೆದಿರುವ ಲೆಕ್ಕದಂತೆ ಅಲ್ಲೇ ಹೊಸ ಬಾಟಲಿ ಮಾಡಿಸಿದೆ. ಗುಂಡಮ್ಮ ಕುಡಿದು ಮುಗಿಸಿದ ಮೇಲೆ ಕೇಂದ್ರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಾಲಿಗೆ ನೀರು ಹೆಚ್ಚಾದರೆ ಮಗುವಿಗೆ ಹಸಿವು ಮಾತ್ರ ಆಗುವುದಲ್ಲ, ರಕ್ತದಲ್ಲಿ ಉಪ್ಪಿನ ಅಂಶ ಇಳಿದು ಫಿಟ್ಸ್ ಬರುವ ಅಪಾಯವೂ ಇದೆ. ಡಾಕ್ಟರು ಮಗುವನ್ನು ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. ವರದಿ ಬರುವವರೆಗೆ ಗಂಡ ಹೆಂಡತಿ ಇಬ್ಬರೂ ಬೆಂಚಿನ ಮೇಲೆ ಕೂತು ಸರದಿಯಂತೆ ಮಗುವನ್ನು ಎತ್ತಿಕೊಂಡಿದ್ದರು.

"ಸದ್ಯ, ಬೇಗ ಬಂದಿರಿ," ಎಂದರು ಡಾಕ್ಟರು. "ಉಪ್ಪಿನ ಅಂಶ ಸರಿಯಾಗಿದೆ. ಸರಿಯಾದ ಲೆಕ್ಕದಲ್ಲಿ ಹಾಲು ಕೊಡಿ. ಕೆಲವೇ ದಿನದಲ್ಲಿ ಮತ್ತೆ ತೂಕ ನೋಡೋಣ. ಆಗಲೂ ಏರಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ."

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಪೇಂಟರನಿಗೆ ಒಬ್ಬಳು ಅಕ್ಕ ಇದ್ದಾಳಲ್ಲ!

ಮರುದಿನ ಸಂಜೆ ಗುಂಡಮ್ಮನನ್ನು ನೋಡಿ ಬರೋಣವೆಂದು ಹೋದೆ. ಅಕ್ಕ ಆಗಲೇ ಬಂದು ಕೂತಿದ್ದಳು. ಹಳೆ ಪುಸ್ತಕದ ಅಂಗಡಿಯವಳು, ಮಾತಿನಲ್ಲಿ ನನಗೇನೂ ಕಡಿಮೆಯಿಲ್ಲ. ಬಂಗಾರದ ಡಬ್ಬಿಯ ಸಲಹೆ ಅವಳದೇ. ಅವಳ ಮಗ ಚಿಕ್ಕವನಿದ್ದಾಗ ಅದನ್ನೇ ಕುಡಿದು ಬೆಳೆದಿದ್ದ. ಈಗ ಓದಿನಲ್ಲಿ ಕ್ಲಾಸಿಗೇ ಮೊದಲು.

"ನೀರು ಜಾಸ್ತಿ ಹಾಕಿದ್ದು ಇವನ ತಪ್ಪು. ಅದಕ್ಕೆ ಡಬ್ಬಿ ಏನು ಮಾಡುತ್ತೆ?" ಎಂದಳು ನನ್ನನ್ನು ನೋಡಿದ ಕೂಡಲೇ. "ಸರಿಯಾಗಿ ಬೆರೆಸಲಿ. ಆದ್ರೆ ಅದೇ ಡಬ್ಬಿ ಕುಡಿಸಲಿ."

"ಅದಕ್ಕೇ ಸ್ಪ್ರೇ ಮಷಿನ್ ಮಾರ್ತೀನಿ ಸಿಸ್ಟರ್," ಎಂದ ಪೇಂಟರ್. "ಸರಿಯಾಗಿ ಬೆರೆಸಿದ್ರೆ ಡಬ್ಬಿ ಬೇಗ ಬೇಗ ಮುಗಿಯುತ್ತೆ. ಮಷಿನ್ ಹೋದ್ರೆ ಹೋಗಲಿ, ಬ್ರಷ್ಷಲ್ಲೇ ಬಳೀತೀನಿ."

ಅವನ ಹೆಂಡತಿ ನನ್ನ ಕಡೆ ನೋಡಿದಳು. ದೊಡ್ಡ ಕೆಲಸಗಳು ಸಿಗುವುದೇ ಆ ಮಷಿನ್ ಇರುವುದರಿಂದ ಎಂಬುದು ಅವಳಿಗೆ ಗೊತ್ತು. ಆದರೆ ಮಗಳಿಗೆ ಬೇಡವೆಂದು ಹೇಳಲು ಯಾವ ತಾಯಿಗೆ ಬಾಯಿ ಬರುತ್ತದೆ?

"ಮಷಿನ್ ಮಾರೋದು ಇರಲಿ," ಎಂದೆ. "ಮಗುವಿನ ವಯಸ್ಸಿಗೆ ಸರಿಯಾದ ಸಾದಾ ಡಬ್ಬಿ ಇದೆಯಲ್ಲ, ಅದು ಯಾಕೆ ಆಗಲ್ಲ?"

"ಸಾದಾ ಡಬ್ಬಿನಾ!" ಅಕ್ಕ ಮೂಗು ಮುರಿದಳು. "ನೋಡಿ ಸಿಸ್ಟರ್, ಇದರ ಮೇಲೆ ಅಚ್ಚು ಹಾಕಿದ್ದಾರೆ. ಮೆದುಳಿನ ಬೆಳವಣಿಗೆಗೆ ಸಹಾಯಕ ಅಂತ."

"ಸಹಾಯಕ ಅಂತ ತಾನೇ? ಸಾದಾ ಡಬ್ಬಿಗಿಂತ ಹೆಚ್ಚು ಅಂತ ಎಲ್ಲಾದ್ರೂ ಇದೆಯಾ, ಹುಡುಕಿ."

ಅಕ್ಕ ಡಬ್ಬಿಯನ್ನು ಸುತ್ತ ತಿರುಗಿಸಿ ಓದಿದಳು. ಕನ್ನಡಕ ಏರಿಸಿ ಸಣ್ಣ ಅಕ್ಷರವನ್ನೂ ಬಿಡದೆ ಓದಿದಳು. ಹೆಚ್ಚು ಎಂಬ ಮಾತು ಎಲ್ಲೂ ಇರಲಿಲ್ಲ. ಡಬ್ಬಿಯನ್ನು ಮತ್ತೆ ಶೆಲ್ಫಿನ ಮೇಲಿಟ್ಟಳು.

"ಬರೆದಿಲ್ಲದಿದ್ರೆ ಏನಂತೆ? ನನ್ನ ಮಗ ಇಲ್ವಾ ಕಣ್ಣೆದುರಿಗೆ? ಅದಕ್ಕಿಂತ ಸಾಕ್ಷಿ ಬೇಕಾ?"

ನಾನು ಅವಳಿಗೆ ಉತ್ತರ ಕೊಡದೆ ಪೇಂಟರನ ಕಡೆ ತಿರುಗಿದೆ. "ಒಂದು ಮಾತು ಹೇಳಪ್ಪಾ. ಬಣ್ಣದ ಕಂಪನಿಯೋರು ಬಂದು ಇದೇ ಎಲ್ಲಕ್ಕಿಂತ ಒಳ್ಳೆ ಬಣ್ಣ ಅಂದ್ರೆ ನಂಬಿಬಿಡ್ತೀಯಾ?"

ನಿನ್ನೆಯಿಂದ ಬಾಡಿದ್ದ ಅವನ ಮುಖ ಸ್ವಲ್ಪ ಅರಳಿತು. "ನಂಬಿದ್ರೆ ನಾನು ಕೆಲಸ ಮಾಡಿದ ಹಾಗೇ! ಒಂದು ಸಲ ಹೊಸ ಬಣ್ಣ ಬಂದಿತ್ತು. ಮಳೆ ಬಿಸಿಲಿಗೆ ಜಗ್ಗೋದೇ ಇಲ್ಲ ಅಂದ್ರು. ನಿಜ, ಅದನ್ನ ಬಳಿಸಿದ ಮನೆಗಳೆಲ್ಲ ಫಳಫಳ ಅಂತಿದ್ವು. ಆದ್ರೂ ನಂಗೆ ಅನುಮಾನ."

"ಯಾಕೋ ಅನುಮಾನ?" ಅಕ್ಕ ಕೇಳಿದಳು.

"ಅಷ್ಟು ದುಬಾರಿ ಬಣ್ಣ ಬಳಿಸೋರು ಯಾರಕ್ಕಾ? ಅನುಕೂಲ ಇರೋರು. ಅಂಥೋರು ಗಾರೆನೂ ಚೆನ್ನಾಗಿ ಮಾಡಿಸಿರ್ತಾರೆ, ಸೋರೋ ಜಾಗನೂ ಮೊದಲೇ ಮುಚ್ಚಿಸಿರ್ತಾರೆ. ಗೋಡೆ ಚೆನ್ನಾಗಿರೋದು ಬಣ್ಣದಿಂದಲೋ ಗಾರೆಯಿಂದಲೋ ಹೆಂಗೆ ಹೇಳ್ತೀಯಾ?"

"ಮತ್ತೆ ಹೆಂಗೆ ಕಂಡುಹಿಡಿದೆ?" ಎಂದೆ.

"ಒಂದೇ ಗೋಡೆ ತಗೊಂಡೆ. ಅದೇ ಗಾರೆ, ಅದೇ ಬಿಸಿಲು. ಪಕ್ಕಪಕ್ಕದಲ್ಲೇ ಎರಡು ಪಟ್ಟೆ ಬಳಿದೆ. ಒಂದು ದುಬಾರಿದು, ಒಂದು ಸಾದಾದು. ಯಾವುದು ಯಾವುದು ಅಂತ ಮೇಸ್ತ್ರಿಗೂ ಹೇಳಲಿಲ್ಲ. ಹೇಳಿದ್ರೆ ದುಬಾರಿದೇ ಚೆನ್ನಾಗಿದೆ ಅಂದುಬಿಡ್ತಾರೆ, ನಂಗೊತ್ತು ಅವರ ಬುದ್ಧಿ. ಎರಡು ಮಳೆಗಾಲ ಕಳೆದ ಮೇಲೆ ಕರೆದು ತೋರಿಸಿದೆ. ಹತ್ತಿರ ಹೋಗಿ ನೋಡಿದ್ರು, ದೂರ ನಿಂತು ನೋಡಿದ್ರು, ಉಗುರಲ್ಲಿ ಕೆರೆದು ನೋಡಿದ್ರು. ಎರಡರಲ್ಲಿ ಏನೂ ವ್ಯತ್ಯಾಸ ಇಲ್ಲ ಕಣೋ ಅಂದ್ರು. ಅವತ್ತಿನಿಂದ..."

ಮಾತು ಅಲ್ಲಿಗೇ ನಿಂತಿತು. ಅವನು ಶೆಲ್ಫಿನ ಕಡೆ ನೋಡಿದ. ನಾನು ಬಾಯಿ ಮುಚ್ಚಿಕೊಂಡು ಕೂತೆ. ನನ್ನಂಥವಳಿಗೆ ಅದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು!

"ಸಿಸ್ಟರ್," ಎಂದ ಕೊನೆಗೆ, "ಈ ಡಬ್ಬಿನೂ ಯಾರಾದ್ರೂ ಹಾಗೆ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾರಾ?"

"ನೋಡಿದ್ದಾರೆ. ಒಂದು ಕಡೆ ಅಲ್ಲ, ಹಲವು ಕಡೆ. ಡಬ್ಬಿ ಹಾಲು ಕುಡಿಯೋ ಮಕ್ಕಳಲ್ಲೇ ಯಾರಿಗೆ ಯಾವ ಹಾಲು ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ರು. ಕೆಲವರಿಗೆ ಸಾದಾ ಪುಡಿ, ಕೆಲವರಿಗೆ ಮೆದುಳಿಗೆ ಒಳ್ಳೇದು ಅಂತ ಸತ್ವ ಸೇರಿಸಿದ ಪುಡಿ. ಬಡವರ ಮಕ್ಕಳು, ಸಾಹುಕಾರರ ಮಕ್ಕಳು ಎರಡು ಕಡೆಗೂ ಹಂಚಿಹೋಗ್ತಾರೆ ನೋಡು. ನಿನ್ನ ಒಂದೇ ಗೋಡೆ ಇದ್ದ ಹಾಗೆ. ಒಂದು ದೇಶದಲ್ಲಂತೂ ಆ ಮಕ್ಕಳು ದೊಡ್ಡವರಾಗಿ ಶಾಲೆಯ ದೊಡ್ಡ ಪರೀಕ್ಷೆ ಬರೆಯೋವರೆಗೂ ಕಾದು ಅಂಕ ನೋಡಿದ್ದಾರೆ."

"ಏನಾಗಿತ್ತು?" ಮೂವರೂ ಒಟ್ಟಿಗೇ ಕೇಳಿದರು.

"ಸತ್ವ ಸೇರಿಸಿದ ಹಾಲು ಕುಡಿದ ಮಕ್ಕಳು ಅಂಕದಲ್ಲಿ ಮುಂದೆ ಹೋಗಿರಲಿಲ್ಲ. ಸಾದಾ ಹಾಲಿನ ಮಕ್ಕಳೂ ಅವರ ಸಮಕ್ಕೇ ಇದ್ರು."

ಗುಂಡಮ್ಮ ಕೈ ಚೀಪುತ್ತಾ ಗೋಡೆಯ ಬಣ್ಣ ನೋಡುತ್ತಿದ್ದಳು.

"ಹಾಗಾದ್ರೆ ಎಲ್ಲಾ ಮೋಸನಾ?" ಎಂದಳು ಅಕ್ಕ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಹಾಗೂ ಅನ್ನಲ್ಲ. ಡಬ್ಬಿಲಿರೋದು ವಿಷ ಅಲ್ಲ, ಮಗುಗೆ ಬೇಕಾದ ಆಹಾರವೇ. ಕೆಲವು ಪರೀಕ್ಷೆಯಲ್ಲಿ ಪುಟ್ಟ ಮಕ್ಕಳ ಕಣ್ಣಿನ ದೃಷ್ಟಿಯಲ್ಲಿ ಚೂರುಪಾರು ವ್ಯತ್ಯಾಸ ಕಂಡಿತ್ತು, ಬೇರೆ ಪರೀಕ್ಷೆಯಲ್ಲಿ ಅದೂ ಕಾಣಲಿಲ್ಲ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಿಷಯ ಬೇರೆ, ಕಾಯಿಲೆ ಇರೋ ಮಕ್ಕಳ ವಿಷಯ ಬೇರೆ. ಅವರಿಗೆ ಡಾಕ್ಟರು ಯಾವುದು ಹೇಳ್ತಾರೋ ಅದೇ ಕೊಡಬೇಕು. ನಮ್ಮ ಗುಂಡಮ್ಮ ತಿಂಗಳು ತುಂಬಿ, ಚೆನ್ನಾಗಿ ಹುಟ್ಟಿದೋಳು. ಇವಳಿಗೆ ಸಾದಾ ಡಬ್ಬಿ ಸಾಕು. ಕಬ್ಬಿಣದ ಅಂಶ, ವಿಟಮಿನ್ನು, ಎಳೆಮಗು ಬೆಳೆಯೋಕೆ ಬೇಕಾದ್ದೆಲ್ಲ ಅದರಲ್ಲೂ ಇರಲೇಬೇಕು ಅಂತ ನಿಯಮ ಇದೆ. ನಾಳೆ ಇನ್ನೊಂದು ಒಳ್ಳೆ ಪರೀಕ್ಷೆ ಬೇರೆ ಮಾತು ಹೇಳಿದ್ರೆ, ನಾನೇ ಬಂದು ಹೇಳ್ತೀನಿ."

ಅಕ್ಕನ ಮುಖ ಸಪ್ಪಗಾಯಿತು. "ಅಂದ್ರೆ ನನ್ನ ಮಗನ ವಿಷಯದಲ್ಲಿ ನಾನು ಇಷ್ಟು ವರ್ಷ ಸುಮ್ಮನೆ ಕೊಚ್ಚಿಕೊಂಡೆನಾ?"

ಉತ್ತರ ಹೇಳಿದ್ದು ಪೇಂಟರ್.

"ಅಕ್ಕಾ, ದಿನಾ ಅಂಗಡಿ ಬಾಗಿಲು ಹಾಕಿದ ಮೇಲೆ ಅವನನ್ನ ತೊಡೆ ಮೇಲೆ ಕೂರಿಸಿಕೊಂಡು ಪುಸ್ತಕ ಓದಿ ಹೇಳ್ತಿದ್ದೋರು ಯಾರು? ಡಬ್ಬಿನಾ?"

ಅಕ್ಕ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅವನು ಇದೇನು ಅದೇನು ಅಂತ ನೂರು ಸಲ ಕೇಳಿದ್ರೂ ಬೇಜಾರಿಲ್ಲದೆ ಉತ್ತರ ಹೇಳಿದೋಳು ನೀನು. ನೀನು ಮಾಡಿದ್ದಕ್ಕೆಲ್ಲ ಹೆಸರು ಆ ಡಬ್ಬಿಗೆ ಕೊಟ್ಟು ಕೂತಿದೀಯಲ್ಲಾ ಅಕ್ಕಾ."

ನಾನು ಎಷ್ಟೇ ಓದಿಕೊಂಡಿದ್ದರೂ ಆ ಮಾತು ನನಗೆ ಹೊಳೆದಿರಲಿಲ್ಲ. ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಎದ್ದು ಶೆಲ್ಫಿನಿಂದ ಬಂಗಾರದ ಡಬ್ಬಿಯನ್ನು ತಾನೇ ಇಳಿಸಿದಳು. "ಇದರಲ್ಲಿ ಇರೋದು ಮುಗಿಯೋವರೆಗೆ ಸರಿಯಾದ ಲೆಕ್ಕದಲ್ಲಿ ಕುಡಿಸಿ, ಚೆಲ್ಲಬೇಡಿ. ಆಮೇಲೆ ಸಾದಾದು ತನ್ನಿ," ಎಂದು ತಮ್ಮನ ಕಡೆ ತಿರುಗಿದಳು. "ಮಷಿನ್ ಮಾರಿದೆ ಅಂದ್ರೆ ನೋಡು ಮತ್ತೆ! ಗುಂಡಮ್ಮಂಗೆ ಪುಸ್ತಕ ನಾನು ತರ್ತೀನಿ."

"ಅವಳು ಪುಸ್ತಕ ತಿಂತಾಳೆ ಅತ್ತಿಗೆ," ಎಂದು ನಕ್ಕಳು ಮಗುವಿನ ತಾಯಿ.

"ತಿನ್ನಲಿ ಬಿಡು. ಬಟ್ಟೆ ಪುಸ್ತಕ ತರ್ತೀನಿ."

ಹೊರಡುವ ಮುಂಚೆ ನಾನು ಆ ತಾಯಿಯ ಪಕ್ಕ ಕೂತು ಇನ್ನೊಂದು ಮಾತು ಹೇಳಿದೆ. "ನಿಂಗೆ ಇನ್ನೂ ಸ್ವಲ್ಪ ಹಾಲಿದೆ ಅಂದೆಯಲ್ಲ, ಮೊದಲು ಎದೆಗೆ ಹಾಕ್ಕೋ, ಆಮೇಲೆ ಬಾಟಲಿ ಕೊಡು. ಮಗು ಚೀಪ್ತಾ ಚೀಪ್ತಾ ಹಾಲು ಏರಬಹುದು. ಏರಿದ್ರೆ ಸಂತೋಷ. ಬರೋ ಒಂದೊಂದು ಗುಟುಕೂ ಮಗುಗೆ ಒಳ್ಳೇದು. ಏರದಿದ್ರೂ ನೀನು ಕಮ್ಮಿ ತಾಯಿ ಅಲ್ಲ. ಆದ್ರೆ ತೂಕ ನೋಡದೆ ಬಾಟಲಿ ಮಾತ್ರ ಕಮ್ಮಿ ಮಾಡಬೇಡ."

ಅವಳು ನನ್ನ ಕೈ ಹಿಡಿದುಕೊಂಡಳು. ಬಿಡಲು ತುಂಬ ಹೊತ್ತಾಯಿತು.

ಮುಂದಿನ ತೂಕದ ದಿನ ಮೂವರೂ ಬಂದರು. ಪೇಂಟರ್ ಕೆಲಸಕ್ಕೆ ರಜೆ ಹಾಕಿ, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಮಗಳನ್ನು ತಕ್ಕಡಿಯಲ್ಲಿ ತಾನೇ ಮಲಗಿಸಿ, ಮುಳ್ಳನ್ನು ನೋಡಲು ಧೈರ್ಯ ಸಾಲದೆ ಕಿಟಕಿಯ ಕಡೆ ಮುಖ ಮಾಡಿ ನಿಂತ.

"ತಿರುಗಿ ನೋಡಪ್ಪಾ," ಎಂದೆ. "ಹೆಸರು ಉಳಿಸಿಕೊಂಡಿದ್ದಾಳೆ ನಿನ್ನ ಮಗಳು."

ತೂಕ ಚೆನ್ನಾಗಿ ಏರಿತ್ತು. ಅವನು ಅಲ್ಲೇ, ಅಷ್ಟು ಜನರ ಎದುರಿಗೇ, ಬಿಕ್ಕಿ ಬಿಕ್ಕಿ ಅತ್ತ. ಅವನ ಹೆಂಡತಿ ಅವನ ಬೆನ್ನು ಸವರಿದಳು. ಗುಂಡಮ್ಮ ತಕ್ಕಡಿಯಲ್ಲೇ ಉಚ್ಚೆ ಹೊಯ್ದಳು.

ಆಮೇಲೆ ಒಂದು ದಿನ ಅವನು ಬ್ರಷ್ಷು, ಬಣ್ಣ, ಏಣಿ ಹೊತ್ತುಕೊಂಡು ಕೇಂದ್ರಕ್ಕೆ ಬಂದ. ತಕ್ಕಡಿಯ ಮೇಲಿನ ಖಾಲಿ ಗೋಡೆಯನ್ನು ತೋರಿಸಿ, "ಇಲ್ಲಿ ನಾನು ಏನಾದ್ರೂ ಬರೀಬಹುದಾ ಸಿಸ್ಟರ್?" ಎಂದು ಕೇಳಿದ. ನಾನು ಹೂಂ ಎಂದೆ. ಮಧ್ಯಾಹ್ನದವರೆಗೆ ಕೂತು, ನಿಂತು, ಏಣಿ ಹತ್ತಿ ಇಳಿದು, ದಪ್ಪ ನೀಲಿ ಅಕ್ಷರಗಳಲ್ಲಿ ಬರೆದ. ಓದು ತಲೆಗೆ ಹತ್ತಲಿಲ್ಲ ಎಂದವನ ಅಕ್ಷರ ಅಷ್ಟು ಚೆಂದ. ಅದು ಈಗಲೂ ಅಲ್ಲೇ ಇದೆ:

"ಬಣ್ಣಕ್ಕೆ ನೀರು ಬೆರೆಸಿ ತೆಳುವು ಮಾಡಬಹುದು. ಮಗುವಿನ ಹಾಲನ್ನು ಹಾಗೆ ಮಾಡಬೇಡಿ. ನಾನು ಮಾಡಿದ್ದೆ. — ಒಬ್ಬ ಅಪ್ಪ."

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಸಲಹೆ ಕೊಡುವ ಅತ್ತೆ, ಅಜ್ಜಿಯರೇ, ಈಗ ನಿಮಗೆ ನನ್ನದೊಂದು ಮಾತು. ಎದೆಹಾಲು ಕೊಡಲು ಆಗುವವರು ಕೊಡಿ, ಅದಕ್ಕೆ ಸಮನಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಡಬ್ಬಿ ಹಾಲು ಬೇಕಾದರೆ ನಾಚಿಕೆ ಪಡಬೇಡಿ. ಯಾವ ಡಬ್ಬಿ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಅದು ನಿಮ್ಮ ಮಗುವಿನ ವಯಸ್ಸಿಗೆ ಸರಿಯಾಗಿದೆಯೇ ನೋಡಿ, ಮತ್ತೆ ಮತ್ತೆ ಕೊಂಡು ತರಲು ನಿಮ್ಮ ಕೈಲಾಗುತ್ತದೆಯೇ ಯೋಚಿಸಿ. ಡಬ್ಬಿಯ ಮೇಲೆ ದೊಡ್ಡ ಮಾತು ಕಂಡರೆ, ಪಕ್ಕದ ಮನೆಯವರು ತಮ್ಮ ಮಗುವನ್ನು ತೋರಿಸಿದರೆ, ಪೇಂಟರ್ ಕೇಳಿದ ಹಾಗೆ ಕೇಳಿ: ಒಂದೇ ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ನೋಡಿದ್ದಾರಾ? ಹಾಗೆ ನೋಡಿದವರು ಯಾರು, ಅವರೇ ಡಬ್ಬಿ ಮಾರುವವರಾ?

ಕುದಿಸಿದ ನೀರು ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ ಪುಡಿ ಬೆರೆಸಿ, ಹದಕ್ಕೆ ಆರಿಸಿ ಕುಡಿಸಿ. ಮಗು ಕುಡಿದು ಉಳಿದದ್ದನ್ನು ಚೆಲ್ಲಿಬಿಡಿ. ಬರೆದ ಲೆಕ್ಕಕ್ಕಿಂತ ಒಂದು ಚಮಚ ಹೆಚ್ಚೂ ಬೇಡ, ಕಡಿಮೆಯೂ ಬೇಡ. ಡಬ್ಬಿ ಮುಗಿಯುತ್ತಾ ಬಂದು ಕೈಯಲ್ಲಿ ಇನ್ನೊಂದು ಇಲ್ಲದಿದ್ದರೆ ನೀರು ಬೆರೆಸಬೇಡಿ, ನಮ್ಮ ಹತ್ತಿರ ಬನ್ನಿ. ನಾನು ಬೈಯುತ್ತೇನೆ, ಅದು ನಿಜ. ಆದರೆ ಬೈದ ಮೇಲೆ ನಿಮ್ಮ ಮಗುವನ್ನು ಎತ್ತಿಕೊಂಡು ಒಂದು ದಾರಿ ಹುಡುಕುತ್ತೇನೆ. ಇವತ್ತೇ ನಿಮ್ಮ ಮನೆಯ ಬಾಟಲಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಆಚೆಗೆ ನಿಮ್ಮ ಬೆರಳು ಕಂಡರೆ, ಮಗುವನ್ನು ಎತ್ತಿಕೊಂಡು ಈಗಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೊರಡಿ.